ಹರೆಯದ ಪ್ರಶ್ನೆ, ಹಿರಿಯರ ಅಂಜಿಕೆ

ನಮ್ಮ ಪ್ರೌಢಶಾಲೆಗಳ ವೇಳಾಪಟ್ಟಿಯನ್ನು ನೋಡಿದರೆ ಗಣಿತ, ವಿಜ್ಞಾನ, ಸಮಾಜಪಾಠಗಳ ನಡುವೆ ಎಲ್ಲೋ ಒಂದು ಮೂಲೆಯಲ್ಲಿ ‘ಮೌಲ್ಯ ಶಿಕ್ಷಣ’ ಎಂದೋ ‘ಜೀವನ ಕೌಶಲ’ ಎಂದೋ ‘ಆರೋಗ್ಯ ಶಿಕ್ಷಣ’ ಎಂದೋ ಬರೆದ ಒಂದು ಅವಧಿ ಕಾಣಸಿಗುತ್ತದೆ. ಪರೀಕ್ಷೆ ಸಮೀಪಿಸಿದಂತೆ ಆ ಅವಧಿ ಗಣಿತದ ಅಧ್ಯಾಪಕರ ಪಾಲಾಗುವುದೂ ವಾಡಿಕೆಯೇ. ಹದಿನೈದು ಹದಿನಾರರ ಹುಡುಗ ಹುಡುಗಿಯರಿಗೆ ಅವರ ದೇಹ, ಮನಸ್ಸು, ಸ್ನೇಹ, ಸಿಟ್ಟು, ನೆರೆಹೊರೆ ಇವುಗಳ ಕುರಿತು ಶಾಲೆ ಏನನ್ನು ಹೇಳಬೇಕು, ಯಾರ ಬಾಯಿಂದ ಹೇಳಿಸಬೇಕು ಎಂಬುದು ಆ ಅವಧಿಯ ಹಿಂದಿರುವ ಪ್ರಶ್ನೆ. ಇದು ಪಶ್ಚಿಮದಿಂದ ಮೊನ್ನೆ ಮೊನ್ನೆ ಬೀಸಿಬಂದ ಗಾಳಿಯೆಂದು ದೂರುವವರಿದ್ದಾರೆ. ಹಿಂದೆ ಯಾರೂ ಇದನ್ನು ಯೋಚಿಸಿಯೇ ಇರಲಿಲ್ಲವೆಂದು ಹಳಬರನ್ನು ಹಳಿಯುವವರೂ ಇದ್ದಾರೆ. ಮೂವತ್ತು ವರ್ಷಗಳ ಕಾಲ ಪ್ರೌಢಶಾಲೆಯ ಮಕ್ಕಳ ನಡುವೆ ಕಳೆದ ನನಗೆ ಈ ಎರಡು ಮಾತುಗಳೂ ಸರಿಯೆನಿಸಿಲ್ಲ. ಶಾಲೆಗಳ ಊರೆಂದೇ ಹೆಸರಾದ ಮಂಗಳೂರಿನ ಚರಿತ್ರೆಯನ್ನು ಹಿಡಿದು ಹಿಂದೆ ಹಿಂದೆ ನಡೆದರೆ, ಈ ಪಾಠ ಒಂದಲ್ಲ ಒಂದು ಹೆಸರಿನಲ್ಲಿ ಸದಾ ಇದ್ದೇ ಇತ್ತೆಂದು ತಿಳಿಯುತ್ತದೆ. ಅದನ್ನು ಯಾವ ಯಾವ ಕಾಲದಲ್ಲಿ ಯಾರು, ಏನನ್ನು ಕಂಡು ಅಂಜಿ, ಬರೆದರು ಎಂಬುದೇ ಈ ಹೊತ್ತಿನ ನನ್ನ ವಿಚಾರ.

ಶಾಲೆಗಿಂತ ಮೊದಲಿನ ಮಾತನ್ನು ಮೊದಲು ಹೇಳಬೇಕು. ತುಳುನಾಡಿನಲ್ಲಿ ಫೆಬ್ರವರಿಯ ನಡುವೆ ಬರುವ ಕೆಡ್ಡಸ ಎಂಬ ಆಚರಣೆಯಿದೆ. ಭೂಮಿತಾಯಿ ಋತುಮತಿಯಾಗುವಳೆಂದು ನಂಬಿ ಆ ಮೂರು ದಿನ ನೆಲವನ್ನು ಉಳುವುದಿಲ್ಲ, ಅಗೆಯುವುದಿಲ್ಲ. ಕೊನೆಗೆ ಎಣ್ಣೆ ಸೀಗೆಗಳನ್ನಿಟ್ಟು ಅವಳ ಮೀಯುವಿಕೆಗೆ ಅಣಿಮಾಡುತ್ತಾರೆ. ಮೈನೆರೆದ ಹುಡುಗಿಗೂ ಇಲ್ಲಿ ನೀರು ಹೊಯ್ಯುವ, ಅರಸಿನ ಹಚ್ಚುವ, ನೆಂಟರನ್ನು ಕರೆದು ಉಣಬಡಿಸುವ ಪದ್ಧತಿಯಿತ್ತು. ದೊಡ್ಡವಳಾಗುವುದು ಊರಿಗೆಲ್ಲ ತಿಳಿಸಬೇಕಾದ ಸಂಗತಿಯಾಗಿತ್ತೇ ಹೊರತು ಮುಚ್ಚಿಡಬೇಕಾದ ಸಂಗತಿಯಾಗಿರಲಿಲ್ಲ.

ನೇಜಿ ನೆಡುವ ಗದ್ದೆಯೂ ಒಂದು ಬಗೆಯ ತರಗತಿಯಾಗಿತ್ತೆಂದರೆ ತಪ್ಪಾಗಲಾರದು. ಅಲ್ಲಿ ಹೆಂಗಸರು ಹಾಡುತ್ತಿದ್ದ ಪಾಡ್ದನಗಳಲ್ಲಿ ಸಿರಿಯ ಕತೆಯಿದೆ. ಬಸುರಿ ಸಿರಿಗೆ ಬಯಕೆಯ ಸೀರೆ ತರಲು ಹೋದ ಗಂಡ, ಆ ಸೀರೆಯನ್ನು ತನ್ನ ಸೂಳೆ ಸಿದ್ದುವಿಗೆ ಮೊದಲು ಉಡಿಸಿ ತರುತ್ತಾನೆ. ಸಿರಿ ಅದನ್ನು ಒಲ್ಲೆನೆನ್ನುತ್ತಾಳೆ. ಕೊನೆಗೆ ಆ ಗಂಡನನ್ನೂ ಒಲ್ಲೆನೆಂದು ಬಿಡುಗಡೆ ಪಡೆದು ಹೊರಡುತ್ತಾಳೆ. ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿಸಂಧಿಯನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ಇಲ್ಲಿಯ ವಿದ್ವಾಂಸರ ನೆರವಿನೊಡನೆ 1990ರಲ್ಲಿ ಧ್ವನಿಮುದ್ರಿಸಿಕೊಂಡು, 1998ರಲ್ಲಿ ಪ್ರಕಟಿಸಿದಾಗ ಅದು 15,683 ಸಾಲುಗಳಷ್ಟಾಯಿತು. ದಾಂಪತ್ಯದಲ್ಲಿ ಒಪ್ಪಿಗೆಯೆಂದರೇನು, ಅವಮಾನವೆಂದರೇನು, ಯಾವುದನ್ನು ಸಹಿಸಬೇಕು, ಯಾವುದನ್ನು ಸಹಿಸಲಾಗದು ಎಂಬುದನ್ನು ಹದಿಹರೆಯದ ಹುಡುಗಿಯರು ಮೊಣಕಾಲವರೆಗಿನ ಕೆಸರಿನಲ್ಲಿ ನಿಂತು ಕೇಳುತ್ತಿದ್ದರು.

ಹಾಗೆಂದು ಆ ಕಾಲವನ್ನು ಹೊನ್ನಿನ ಕಾಲವೆಂದು ಬಣ್ಣಿಸುವುದು ನನ್ನ ಉದ್ದೇಶವಲ್ಲ. ಭೂಮಿಗೆ ಮೂರು ದಿನ ಬಿಡುವು ಕೊಟ್ಟ ಸಮಾಜವೇ ಮುಟ್ಟಾದ ಹೆಣ್ಣನ್ನು ಹೊರಗೆ ಕೂರಿಸಿತು. ಹೆರಿಗೆಯಲ್ಲಿ ತಾಯಿ ಏಕೆ ಸಾಯುವಳೆಂಬುದಕ್ಕೆ ಅದರ ಬಳಿ ಉತ್ತರವಿರಲಿಲ್ಲ. ತಿಳಿವಳಿಕೆ ಜಾತಿಗೊಂದು, ಮನೆಗೊಂದು, ಗಂಡಿಗೊಂದು, ಹೆಣ್ಣಿಗೊಂದಾಗಿ ಹಂಚಿಹೋಗಿತ್ತು. ಆದರೆ ಆ ಲೋಕದಲ್ಲಿ ಹರೆಯದವರ ಎದುರು ಹಿರಿಯರು ಮೂಕರಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಮೌನ ನಮ್ಮ ಪರಂಪರೆ ಎಂದು ಇಂದು ವಾದಿಸುವವರು ಗದ್ದೆಯ ಹಾಡನ್ನು ಕೇಳಿದವರಲ್ಲ.

ಇನ್ನು ಶಾಲೆಗೆ ಬರೋಣ. ಬಾಸೆಲ್ ಮಿಷನ್ನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಕೆಲವೇ ವರ್ಷಗಳಲ್ಲಿ ಅವರು ಕನ್ನಡ ಶಾಲೆಯನ್ನೂ ಮುದ್ರಣಾಲಯವನ್ನೂ ತೆರೆದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟಿತು. 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ಮತಾಂತರಗೊಂಡು ಜಾತಿಯ ಆಸರೆ ಕಳೆದುಕೊಂಡವರಿಗೆ ಓದಿನೊಡನೆ ಉದ್ಯೋಗವನ್ನೂ ಕಲಿಸಬೇಕಾಗಿ ಬಂದುದರಿಂದ, ಗಂಟೆಗೆ ಸರಿಯಾಗಿ ಏಳುವುದು, ಮೀಯುವುದು, ಕುಡಿತ ಬಿಡುವುದು, ಹಣ ಉಳಿಸುವುದು ಇವೆಲ್ಲ ಅಕ್ಷರದ ಜೊತೆಗೇ ಕಲಿಯತಕ್ಕ ವಿಷಯಗಳಾದವು. 1878ರ ಕೊನೆಯ ದಿನ ಜೆಸ್ವಿತ್ ಪಾದ್ರಿಗಳು ಬಂದಿಳಿದರು. 1880ರಲ್ಲಿ ಸಂತ ಎಲೋಶಿಯಸ್ ಕಾಲೇಜು ತೆರೆಯಿತು. ಅದೇ ವರ್ಷ ಫಾದರ್ ಅಗಸ್ಟಸ್ ಮುಲ್ಲರ್ ಅವರು ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನು ಆರಂಭಿಸಿದರು. ಹತ್ತು ವರ್ಷಗಳ ತರುವಾಯ ಕುಷ್ಠರೋಗಿಗಳಿಗೊಂದು ಆಶ್ರಯವನ್ನೂ ಕಟ್ಟಿದರು. ಕಾಲರಾ, ಸಿಡುಬು, ಮುಂದೆ 1896ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಪ್ಲೇಗು ಇವುಗಳ ಭೀತಿಯ ಕಾಲ ಅದು. ಆರೋಗ್ಯವೆಂದರೆ ಶುಚಿತ್ವ, ನೀತಿಯೆಂದರೆ ಸಂಯಮ ಎಂಬ ಎರಡು ಸೂತ್ರಗಳ ಮೇಲೆ ಶಾಲೆ ತನ್ನ ಬದುಕಿನ ಪಾಠವನ್ನು ಕಟ್ಟಿತು. ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ‘ಮಾರಲ್ ಸಯನ್ಸ್’ ಎಂಬ ಕಾನ್ವೆಂಟ್ ಶಾಲೆಗಳ ಏರ್ಪಾಡನ್ನು ಈ ಊರಿನಲ್ಲಿ ಓದಿದವರೆಲ್ಲರೂ ಬಲ್ಲರು.

ಈ ಪಾಠದ ಒಳ್ಳೆಯತನವನ್ನು ನಾನು ಕಡೆಗಣಿಸಲಾರೆ; ಸಾಬೂನು ಮತ್ತು ಕುದಿಸಿದ ನೀರು ಉಳಿಸಿದ ಜೀವಗಳೆಷ್ಟೋ. ಆದರೆ ಶುಚಿತ್ವದ ಪಾಠ ಎಲ್ಲಿ ಎಡವುತ್ತದೆಂಬುದನ್ನು ಮೊದಲು ಕಂಡವರು ಕುದ್ಮುಲ್ ರಂಗರಾಯರೆಂದು ನಾನು ಭಾವಿಸುತ್ತೇನೆ. 1859ರಲ್ಲಿ ಹುಟ್ಟಿದ ಈ ಬ್ರಾಹ್ಮಸಮಾಜಿ ವಕೀಲರು 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನೇ ಸ್ಥಾಪಿಸಿದರು. ಸ್ವಜಾತಿಯವರಿಂದ ಬಹಿಷ್ಕಾರ ಬಂತು; ಕ್ಷೌರಿಕರೂ ಅಗಸರೂ ಅವರ ಮನೆಗೆ ಬರುವುದನ್ನು ಬಿಟ್ಟರು. ಊರ ಬಾವಿಯನ್ನು ಮುಟ್ಟಗೊಡದವರ ಮಗುವಿಗೆ ದಿನವೂ ಮೀಯಬೇಕೆಂದು ಬೋಧಿಸುವುದರಲ್ಲಿ ಏನರ್ಥ? ಹಸಿದ ಹೊಟ್ಟೆಯ ಮುಂದೆ ಆಹಾರದ ಗುಣಗಳನ್ನು ವಿವರಿಸುವುದು ಯಾವ ನ್ಯಾಯ? ರಂಗರಾಯರ ಶಾಲೆಯಲ್ಲಿ ಪಾಠಕ್ಕಿಂತ ಮೊದಲು ಊಟ, ಓದಿನೊಡನೆ ಮಗ್ಗ, ಶಾಲೆಯ ಸುತ್ತ ಮನೆ ನಿವೇಶನ ಇವು ಬಂದವು. ಬದುಕಿನ ಪಾಠ ಬಾಯಿಮಾತಿನಲ್ಲಿ ಮುಗಿಯದೆಂಬ ಈ ವಿವೇಕ ಆಮೇಲಿನ ಎಷ್ಟೋ ಪಠ್ಯಕ್ರಮಗಳಲ್ಲಿ ಕಾಣದೆ ಹೋಯಿತು.

ಹೆಣ್ಣುಮಕ್ಕಳ ಕತೆ ಬೇರೆ. 1891ರಲ್ಲಿ ಕೆನರಾ ಹೈಸ್ಕೂಲನ್ನು ಸ್ಥಾಪಿಸಿದ ಅಮ್ಮೆಂಬಳ ಸುಬ್ಬರಾವ್ ಪೈಗಳು 1894ರಲ್ಲಿ ಹೆಣ್ಣುಮಕ್ಕಳಿಗಾಗಿ ಪ್ರತ್ಯೇಕ ಶಾಲೆಯನ್ನು ಆರಂಭಿಸಿದರು. ಕೆನರಾ ಶಾಲೆ ಹುಟ್ಟಿದ ಅದೇ 1891ರಲ್ಲಿ ಬ್ರಿಟಿಷ್ ಸರಕಾರ ವಿವಾಹಿತ ಹುಡುಗಿಯ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿತೆಂಬುದನ್ನೂ, ಅಷ್ಟಕ್ಕೇ ದೇಶವೆಲ್ಲ ಗದ್ದಲವೆದ್ದಿತೆಂಬುದನ್ನೂ ನೆನಪಿಟ್ಟುಕೊಳ್ಳಬೇಕು. ಎಂದರೆ, ಹದಿನಾಲ್ಕು ಹದಿನೈದರ ಹುಡುಗಿಯೊಬ್ಬಳು ಶಾಲೆಯ ಬೆಂಚಿನ ಮೇಲೆ ಕುಳಿತಿರುವ ದೃಶ್ಯವೇ ಅಂದಿನ ಎಷ್ಟೋ ಮನೆತನಗಳಿಗೆ ಅಪರಿಚಿತವಾಗಿತ್ತು. ಮೈನೆರೆದೊಡನೆ, ಹಲವು ಮನೆಗಳಲ್ಲಿ ಅದಕ್ಕೂ ಮುಂಚೆಯೇ, ಅವಳನ್ನು ಬಿಡಿಸಿ ಗಂಡನ ಮನೆಗೆ ಕಳುಹಿಸುತ್ತಿದ್ದರು. ಹರೆಯವೆಂಬ ವಯಸ್ಸು ನಿಸರ್ಗದಲ್ಲಿ ಎಂದಿನಿಂದಲೂ ಇದ್ದರೂ, ಬಾಲ್ಯಕ್ಕೂ ಮದುವೆಗೂ ನಡುವೆ ಕಲಿಕೆಗೆಂದೇ ಮೀಸಲಾದ ಒಂದು ಕಾಲವಾಗಿ ಅದನ್ನು ಬೆಳೆಸಿದ್ದು ಶಾಲೆ ಮತ್ತು ಶಾಸನ.

ಈ ಬದಲಾವಣೆಯಲ್ಲಿ ಮಂಗಳೂರಿನ ಪಾಲು ಸಣ್ಣದಲ್ಲ. ಕಾರ್ನಾಡ ಸದಾಶಿವರಾಯರು 1911ರಲ್ಲಿ ಮಹಿಳಾ ಸಭೆಯನ್ನು ಕಟ್ಟಿ ವಿಧವೆಯರಿಗೂ ಬಡ ಹೆಂಗಸರಿಗೂ ಕೈಕೆಲಸ ಕಲಿಸಿದರು. 1918ರಲ್ಲಿ ಬೆಸೆಂಟ್ ಹೆಸರಿನ ಹೆಣ್ಣುಮಕ್ಕಳ ರಾಷ್ಟ್ರೀಯ ಶಾಲೆ ಬಂತು. 1921ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರ ಸಂತ ಆಗ್ನೆಸ್ ಕಾಲೇಜು ತೆರೆಯಿತು. ಇದೇ ಊರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಹದಿನಾಲ್ಕರಲ್ಲಿ ಮದುವೆಯಾಗಿ ಎರಡೇ ವರ್ಷಗಳಲ್ಲಿ ವಿಧವೆಯಾದವರು. ಮುಂದೆ ಕಮಲಾದೇವಿ ಚಟ್ಟೋಪಾಧ್ಯಾಯರಾಗಿ, 1927ರಲ್ಲಿ ಹುಟ್ಟಿದ ಅಖಿಲ ಭಾರತ ಮಹಿಳಾ ಪರಿಷತ್ತಿನ ಸಂಘಟನೆಯ ಹೊಣೆ ಹೊತ್ತರು. ಸ್ತ್ರೀಶಿಕ್ಷಣದ ಸುಧಾರಣೆಗೆಂದು ಸೇರಿದ ಆ ಪರಿಷತ್ತು ಬೇಗನೆ ಮದುವೆಯ ವಯಸ್ಸಿನ ಪ್ರಶ್ನೆಗೆ ಬರಲೇಬೇಕಾಯಿತು. ಬಾಲೆಯರು ಮದುವೆಯಾಗಿ ಹೋಗುತ್ತಿದ್ದರೆ ಶಾಲೆಯಲ್ಲಿ ಉಳಿಯುವವರಾರು? 1929ರ ಶಾರದಾ ಶಾಸನ ಹುಡುಗಿಯ ಮದುವೆಗೆ ಹದಿನಾಲ್ಕನ್ನೂ ಹುಡುಗನಿಗೆ ಹದಿನೆಂಟನ್ನೂ ಕನಿಷ್ಠ ವಯಸ್ಸೆಂದು ಗೊತ್ತುಮಾಡಿತು. ಅದು ಹದಿನೆಂಟು ಮತ್ತು ಇಪ್ಪತ್ತೊಂದಕ್ಕೆ ಏರಿದ್ದು 1978ರಲ್ಲಿ.

ಹೀಗೆ ಬೆಂಚಿನ ಮೇಲೆ ಉಳಿದ ಆ ಹುಡುಗಿಗೆ ಕಲಿಸಿದ್ದೇನು? ಹೊಲಿಗೆ, ಅಡಿಗೆ, ರೋಗಿಗಳ ಶುಶ್ರೂಷೆ, ಶಿಶುಪಾಲನೆ, ಗೃಹವಿಜ್ಞಾನ. ಇವೆಲ್ಲವೂ ಮುಂದಿನ ಮನೆಗೆ ಬೇಕಾದುವು. ಆ ಹೊತ್ತಿನ ಅವಳ ಸ್ವಂತ ದೇಹದ, ಸ್ವಂತ ಮನಸ್ಸಿನ ಮಾತು ಅಲ್ಲಿ ಬರಲಿಲ್ಲ. ಘಟ್ಟದ ಮೇಲಿನ ಮೈಸೂರು ಸಂಸ್ಥಾನವು 1930ರಲ್ಲೇ ಸರಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆದು ಜಗತ್ತಿನ ಗಮನ ಸೆಳೆದಿತ್ತು. ಆಗ ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಗೆ ಅದು ಪರರಾಜ್ಯದ ಸುದ್ದಿ. ಮೈಸೂರಿನಲ್ಲಿ ಕೂಡ ಆ ತಿಳಿವಳಿಕೆ ಮದುವೆಯಾದ ಹೆಂಗಸರಿಗೆಂದೇ ಇತ್ತು. ಶಾಲೆಯ ಹೊಸ್ತಿಲನ್ನು ಅದು ದಾಟಲಿಲ್ಲ.

ಸಾಹಿತ್ಯ ಮಾತ್ರ ಶಾಲೆಗಿಂತ ಧೈರ್ಯವಂತವಾಗಿತ್ತು. ಪುತ್ತೂರಿನ ಬಾಲವನದಲ್ಲಿ ಕುಳಿತು ಮಕ್ಕಳ ಕಲಿಕೆಯ ಪ್ರಯೋಗ ನಡೆಸಿದ ಶಿವರಾಮ ಕಾರಂತರು 1936ರಲ್ಲಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಹೊರತಂದರು, ಮಗು ಕೇಳುವ ಪ್ರಶ್ನೆಗೆ ಸುಳ್ಳು ಹೇಳಬಾರದೆಂಬ ಹಟ ಆ ಮಹಾಕಾರ್ಯದ ಹಿಂದಿತ್ತು. ಅವರೇ ಮುಂದೆ ವೇಶ್ಯೆಯೊಬ್ಬಳ ಬದುಕನ್ನು ಕುರಿತು ಬರೆದ ಕಾದಂಬರಿಗೆ ‘ಮೈ ಮನಗಳ ಸುಳಿಯಲ್ಲಿ’ ಎಂದು ಹೆಸರಿಟ್ಟರು. ಮೈಯೂ ಮನವೂ ಒಂದೇ ಸುಳಿಯಲ್ಲಿ ತಿರುಗುವುವೆಂಬ ಅರಿವು ನಮ್ಮ ಪಠ್ಯಪುಸ್ತಕಗಳಿಗಿಂತ ಬಹಳ ಮೊದಲೇ ನಮ್ಮ ಕಾದಂಬರಿಗೆ ಇತ್ತು. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ ಅವರ ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’, ‘ತಾಯಿ-ಮಗು’ ಪುಸ್ತಕಗಳನ್ನು ಕನ್ನಡದ ಎಷ್ಟು ಮನೆಗಳಲ್ಲಿ ಸೀರೆಯ ಮಡಿಕೆಗಳ ನಡುವೆ ಬಚ್ಚಿಟ್ಟು ಓದಿದರೋ! ಆ ಮೊದಲ ಹೆಸರನ್ನು ಒಮ್ಮೆ ಗಮನಿಸಿ ನೋಡಿ. ತಿಳಿವಳಿಕೆ ಸಲ್ಲಬೇಕಾದದ್ದು ವಧುವಿಗೆ, ಹೇಳಬೇಕಾದದ್ದು ಕಿವಿಯಲ್ಲಿ. ಲೇಖಕಿ ಸಮಾಜದ ಮಿತಿಯನ್ನು ಅರಿತೇ ಆ ಹೆಸರಿಟ್ಟರೆಂದು ತೋರುತ್ತದೆ. ಕಿವಿಮಾತೆಂದು ಕರೆದು ಎಲ್ಲರಿಗೂ ಕೇಳುವಂತೆ ಹೇಳಿದ್ದು ಅವರ ಜಾಣತನ.

ಸ್ವಾತಂತ್ರ್ಯಾನಂತರದ ಪ್ರೌಢಶಿಕ್ಷಣಕ್ಕೆ ತಳಹದಿ ಹಾಕಿದ್ದು 1952-53ರ ಮಾಧ್ಯಮಿಕ ಶಿಕ್ಷಣ ಆಯೋಗ. ಅದರ ಅಧ್ಯಕ್ಷರಾಗಿದ್ದ ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರು ಮದ್ರಾಸಿನ ಪ್ರಸಿದ್ಧ ಪ್ರಸೂತಿತಜ್ಞರು. ಅವರ ಪ್ರಸೂತಿಶಾಸ್ತ್ರದ ಗ್ರಂಥವನ್ನು ತಲೆಮಾರುಗಳ ವೈದ್ಯ ವಿದ್ಯಾರ್ಥಿಗಳು ಓದಿದ್ದಾರೆ. ಆಯೋಗದ ವರದಿಯಲ್ಲಿ ಶೀಲ ಶಿಕ್ಷಣಕ್ಕೆ ಒಂದು ಅಧ್ಯಾಯ, ಮಾರ್ಗದರ್ಶನ ಮತ್ತು ಸಲಹೆಗೆ ಒಂದು, ವಿದ್ಯಾರ್ಥಿಗಳ ದೈಹಿಕ ಕ್ಷೇಮಕ್ಕೆ ಒಂದು ಹೀಗೆ ಬೇರೆ ಬೇರೆ ಅಧ್ಯಾಯಗಳಿವೆ. ಇಂದು ನಾವು ಒಂದೇ ಅವಧಿಗೆ ತುಂಬಲು ಹೆಣಗುತ್ತಿರುವುದನ್ನು ಅಂದೇ ಅವರು ವಿಂಗಡಿಸಿ ಎದುರಿಗಿಟ್ಟಿದ್ದರು. ಆದರೆ ಶಾಲೆಗಳು ವರದಿಯಿಂದ ಎತ್ತಿಕೊಂಡದ್ದು ಶಿಸ್ತು ಮತ್ತು ಕವಾಯತನ್ನು; ಸಲಹೆ ಹೇಳುವವರು ಬರಲಿಲ್ಲ. 1960ರ ಸುಮಾರಿಗೆ ಶ್ರೀಪ್ರಕಾಶ ಸಮಿತಿ ಧಾರ್ಮಿಕ ಮತ್ತು ನೈತಿಕ ಶಿಕ್ಷಣದ ಬಗ್ಗೆ ಶಿಫಾರಸು ಮಾಡಿತು. ಯುವಜನರ ಶೀಲ ಕುಸಿಯುತ್ತಿದೆಯೆಂಬುದು ಆ ದಶಕದ ಅಂಜಿಕೆ. ಅದೇ 1960ರಲ್ಲಿ ಮಂಗಳೂರಿನಲ್ಲಿ ರೋಶನಿ ನಿಲಯ ಸಮಾಜಕಾರ್ಯ ಕಾಲೇಜು ಹುಟ್ಟಿತು. ಮನೆಮನೆಗೆ ಹೋಗಿ ಜನರ ಮಾತನ್ನು ಮೊದಲು ಕೇಳಬೇಕು, ಬಳಿಕ ಸಲಹೆ ಹೇಳಬೇಕು ಎಂಬ ಶಿಸ್ತನ್ನು ಕಲಿತ ವಿದ್ಯಾರ್ಥಿನಿಯರು ಅಲ್ಲಿಂದ ಹೊರಬಂದರು. ಇದು ಸಣ್ಣದಾಗಿ ಕಂಡರೂ ದೊಡ್ಡ ವ್ಯತ್ಯಾಸ. ಮೇಜಿನ ಹಿಂದಿನಿಂದ ಬೋಧಿಸುವವರ ಊರಿನಲ್ಲಿ, ಎದುರಿಗೆ ಕುಳಿತು ಕೇಳುವುದೂ ಒಂದು ವಿದ್ಯೆಯೆಂದು ಮಾನ್ಯವಾಯಿತು.

ಆಮೇಲಿನ ಅಂಜಿಕೆ ಜನಸಂಖ್ಯೆಯದು. 1980ರಲ್ಲಿ ರಾಷ್ಟ್ರೀಯ ಜನಸಂಖ್ಯಾ ಶಿಕ್ಷಣ ಯೋಜನೆ ಆರಂಭವಾಗಿ ಸಮಾಜಪಾಠದಲ್ಲಿ ಜನಸಂಖ್ಯೆಯ ನಕ್ಷೆಗಳು, ಭೂಗೋಳದಲ್ಲಿ ಅನ್ನ ನೀರಿನ ಲೆಕ್ಕಗಳು ಬಂದವು. ಮಕ್ಕಳು ಹೆಚ್ಚಾದರೆ ದೇಶಕ್ಕೇನಾಗುವುದೆಂದು ಹುಡುಗರು ಬಾಯಿಪಾಠ ಮಾಡಿದರು. ಮಕ್ಕಳು ಹೇಗಾಗುವರೆಂಬುದನ್ನು ಯಾರೂ ಹೇಳಲಿಲ್ಲ. ನಾನು ಓದಿದ ಶಾಲೆಯಲ್ಲಿ ಜೀವಶಾಸ್ತ್ರದ ಆ ಒಂದು ಪಾಠ ಬಂದಾಗ, ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ತಿರುವಿದರು. ದಾಸವಾಳದ ಪರಾಗಸ್ಪರ್ಶವನ್ನು ಎರಡು ದಿನ ವಿವರಿಸಿದ್ದ ಅಧ್ಯಾಪಕರು ಒಳ್ಳೆಯವರೇ. ಅವರಿಗೂ ಯಾರೂ ಆ ಪುಟವನ್ನು ಓದಿಸಿರಲಿಲ್ಲ. ಅಂದು ನಮ್ಮ ನಿಜವಾದ ಪಠ್ಯಪುಸ್ತಕ ವಾರಪತ್ರಿಕೆಗಳ ವೈದ್ಯ ಸಲಹೆಯ ಅಂಕಣವಾಗಿತ್ತು. ಹೆಸರು ಹೇಳದೆ, ಊರಿನ ಮೊದಲಕ್ಷರವನ್ನಷ್ಟೇ ಬರೆದು ಯಾರೋ ಕೇಳಿದ ಪ್ರಶ್ನೆಯಲ್ಲಿ ನಮ್ಮ ಪ್ರಶ್ನೆಯನ್ನು ಕಂಡುಕೊಳ್ಳುತ್ತಿದ್ದೆವು.

1986ರಲ್ಲಿ ಮದ್ರಾಸಿನಲ್ಲಿ ಏಡ್ಸ್ ವೈರಾಣು ಮೊದಲು ಪತ್ತೆಯಾಯಿತು. ಹಿಂದಿನ ಯಾವ ಅಂಜಿಕೆಯೂ ತೆರೆಸದಿದ್ದ ಬಾಗಿಲನ್ನು ಈ ಅಂಜಿಕೆ ತೆರೆಸಿತು. 2005ರಲ್ಲಿ ಕೇಂದ್ರ ಸರಕಾರ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ರೂಪಿಸಿ ಪ್ರೌಢಶಾಲೆಗಳಿಗೆ ಕಳುಹಿಸಿತು. ಎರಡೇ ವರ್ಷಗಳಲ್ಲಿ, 2007ರಲ್ಲಿ, ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ತಡೆಹಿಡಿದವು. 2009ರಲ್ಲಿ ರಾಜ್ಯಸಭೆಯ ಅರ್ಜಿ ಸಮಿತಿಯೂ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಕೂಡದೆಂದು ವರದಿ ಕೊಟ್ಟಿತು. ಕೈಪಿಡಿಯ ಚಿತ್ರಗಳು ಅಸಭ್ಯವಾಗಿವೆ, ಅಧ್ಯಾಪಕರಿಗೆ ತರಬೇತಿಯಿಲ್ಲ, ಇದು ನಮ್ಮ ಸಂಸ್ಕೃತಿಗೆ ಒಗ್ಗದು ಎಂಬವು ಮುಖ್ಯ ಆಕ್ಷೇಪಗಳು. ಮೂರನೆಯದನ್ನು ನಾನು ಒಪ್ಪಲಾರೆ. ಸಿರಿಯ ನಾಡಿನಲ್ಲಿ ನಿಂತು ಆ ಮಾತನ್ನು ಆಡಲಾಗದು. ಎರಡನೆಯದರಲ್ಲಿ ಹುರುಳಿಲ್ಲದಿಲ್ಲ. ನಲವತ್ತೈದು ನಿಮಿಷ ಮೊದಲು ತ್ರಿಕೋನಮಿತಿ ಹೇಳಿದವರು ಮುಂದಿನ ಗಂಟೆಯಲ್ಲಿ ಕೈಪಿಡಿ ಹಿಡಿದು ಮಹಾರೋಗದ ಎಚ್ಚರಿಕೆ ಹೇಳತೊಡಗಿದರೆ ಮಕ್ಕಳಿಗೆ ಕೇಳಿಸುವುದು ಅಧ್ಯಾಪಕರ ಮುಜುಗರ ಮಾತ್ರ. ಮೈಯೆಂದರೆ ಮೊದಲ ಪರಿಚಯವೇ ಮರಣದ ಮೂಲಕ ಆಗಬೇಕೆ?

ಈ ಗದ್ದಲದ ಬದಿಯಲ್ಲೇ, ಹೆಚ್ಚು ಸದ್ದಿಲ್ಲದೆ, ಇನ್ನೊಂದು ದಾರಿ ತೆರೆದಿತ್ತು. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದ ಆರಂಭದಲ್ಲಿ ಹತ್ತು ಜೀವನ ಕೌಶಲಗಳನ್ನು ಹೆಸರಿಸಿತ್ತು. ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ನೋವನ್ನು ತನ್ನದಾಗಿ ಕಾಣುವುದು, ತೀರ್ಮಾನ ಕೈಗೊಳ್ಳುವುದು, ಭಾವೋದ್ವೇಗವನ್ನು ತಾಳಿಕೊಳ್ಳುವುದು ಮೊದಲಾದುವು ಅವು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಶ್ರೀಕಲಾ ಭರತ್ ಮತ್ತು ಕೆ. ವಿ. ಕಿಶೋರ್ ಕುಮಾರ್ ಇವನ್ನು ನಮ್ಮ ಶಾಲೆಗಳಿಗೆ ಹೊಂದಿಸಿ, ಎಂಟರಿಂದ ಹತ್ತನೆಯ ತರಗತಿಯವರೆಗೆ ಚಟುವಟಿಕೆಯ ಪುಸ್ತಕಗಳನ್ನು ಸಿದ್ಧಪಡಿಸಿದರು. ಇಲ್ಲಿ ಅಧ್ಯಾಪಕರು ಉಪದೇಶ ಮಾಡುವಂತಿಲ್ಲ. ಒಂದು ಸನ್ನಿವೇಶ ಕೊಡುತ್ತಾರೆ. ಮಕ್ಕಳು ಗುಂಪಾಗಿ ಕುಳಿತು ಚರ್ಚಿಸುತ್ತಾರೆ, ಅಭಿನಯಿಸುತ್ತಾರೆ, ತಾವೇ ಒಂದು ತೀರ್ಮಾನಕ್ಕೆ ಬರುತ್ತಾರೆ. ಒಂದು ವರ್ಷ ಈ ಪಾಠ ನಡೆದ ಶಾಲೆಗಳ 605 ಮಕ್ಕಳನ್ನು, ನಡೆಯದ ಶಾಲೆಗಳ 423 ಮಕ್ಕಳೊಡನೆ ಹೋಲಿಸಿ 2010ರಲ್ಲಿ ಅವರು ಫಲಿತಾಂಶ ಪ್ರಕಟಿಸಿದರು. ಕಲಿತವರಲ್ಲಿ ಆತ್ಮಗೌರವ ಹೆಚ್ಚಿತ್ತು. ಅಧ್ಯಾಪಕರೊಡನೆ, ಶಾಲೆಯೊಡನೆ ಹೊಂದಾಣಿಕೆ ಚೆನ್ನಾಗಿತ್ತು. ಆದರೆ ಮನೆಯವರೊಡನೆ, ಓರಗೆಯವರೊಡನೆ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಂಶೋಧಕರು ಇದನ್ನು ಮುಚ್ಚಿಡದೆ ಹೇಳಿದ್ದಾರೆ. ಶಾಲೆಯ ಗೋಡೆಯೊಳಗೆ ಕಲಿತದ್ದು ಮನೆಯ ಬಾಗಿಲಲ್ಲಿ ನಿಂತುಬಿಡುತ್ತದೆಯೆಂಬುದೇ ಈ ಅಂಕಿಗಳಿಂದ ನಾನು ಕಲಿತ ದೊಡ್ಡ ಪಾಠ.

ಮಂಗಳೂರಿನ ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ತಂಬಾಕಿನ ಕೇಡನ್ನು ಎಲ್ಲ ಶಾಲೆಗಳಲ್ಲೂ ಬೋಧಿಸುತ್ತಾರೆ. 2003ರ ಶಾಸನದಂತೆ ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ. ಆದರೆ ದಶಕಗಳ ಕಾಲ ಈ ಜಿಲ್ಲೆಯ ಸಾವಿರಾರು ಮನೆಗಳ ಜಗಲಿಯಲ್ಲಿ ಅಮ್ಮ ಅಕ್ಕಂದಿರು ಬೀಡಿ ಕಟ್ಟಿಯೇ ಮಕ್ಕಳ ಶುಲ್ಕ ಕಟ್ಟಿದರು. ಏಳನೆಯ ತರಗತಿಗೆ ಶಾಲೆ ಬಿಟ್ಟು ಮೊರ ಹಿಡಿದ ಹುಡುಗಿಯರೂ ಬಹಳ. ಅಂಥ ಮನೆಯಿಂದ ಬಂದ ಹುಡುಗನಿಗೆ ತಂಬಾಕು ಪಾಪವೆಂದು ಗುಡುಗಿದರೆ ಅವನು ತನ್ನ ತಾಯಿಯ ಬೆರಳುಗಳನ್ನು ನೆನೆದು ತಲೆ ತಗ್ಗಿಸುತ್ತಾನೆ; ಅಷ್ಟೆ. ಹೊಗೆಸೊಪ್ಪಿನ ದೂಳು ಉಸಿರಿಗೆ ಏನು ಮಾಡುತ್ತದೆ, ಬೇರೆ ದುಡಿಮೆ ಹೇಗೆ ಸಿಕ್ಕೀತು ಎಂದು ಅವನೊಡನೆ ಕುಳಿತು ಮಾತಾಡಿದರೆ ಪಾಠ ಮನೆಯವರೆಗೂ ಹೋದೀತು. ಊಟವನ್ನೂ ಮಗ್ಗವನ್ನೂ ಪಾಠದೊಳಕ್ಕೆ ತಂದ ರಂಗರಾಯರಿಗೆ ಇದು ನೂರು ವರ್ಷಗಳ ಹಿಂದೆಯೇ ತಿಳಿದಿತ್ತು.

ಹುಡುಗ ಹುಡುಗಿಯರು ಪರಸ್ಪರ ಮಾತಾಡುವುದೇ ಅಪರಾಧವೆಂಬಂತೆ ಕಾಣುವ ಕಣ್ಣೂ ನಮ್ಮ ನಗರದಲ್ಲಿ ಬೆಳೆಯಿತು. 2009ರ ಜನವರಿ 24ರಂದು ಪಬ್ಬೊಂದರಲ್ಲಿ ಯುವತಿಯರ ಮೇಲೆ ನಡೆದ ಹಲ್ಲೆಯೂ, 2012ರ ಜುಲೈ 28ರಂದು ಪಡೀಲಿನಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಯುವಕ ಯುವತಿಯರ ಮೇಲೆ ನಡೆದ ಹಲ್ಲೆಯೂ ದೇಶಕ್ಕೆಲ್ಲ ದೃಶ್ಯವಾಗಿ ಬಿತ್ತರಗೊಂಡವು. ಹೊಡೆದವರೂ ಯುವಕರೇ ಎಂಬುದನ್ನು ನಾವು ಸಾಕಷ್ಟು ಯೋಚಿಸಿದ್ದೇವೆಯೆ? ಅವರೂ ಯಾವುದೋ ಪ್ರೌಢಶಾಲೆಯಲ್ಲಿ ಕುಳಿತು ಎದ್ದವರು. ಹೆಣ್ಣನ್ನು ತನ್ನಂತೆಯೇ ಒಬ್ಬ ವ್ಯಕ್ತಿಯೆಂದು ಕಾಣುವುದನ್ನು, ತನ್ನ ಸಿಟ್ಟನ್ನು ತಾನೇ ವಿಚಾರಿಸಿಕೊಳ್ಳುವುದನ್ನು ಕಲಿಸಬೇಕಾದ ಆ ಒಂದು ಗಂಟೆ ಅವರ ಪಾಲಿಗೆ ಬಂದಿತ್ತೋ, ಗಣಿತಕ್ಕೆ ಹೋಗಿತ್ತೋ! ಅದೇ 2012ರಲ್ಲಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಶಾಸನ ಬಂತು. ಶಾಸನ ಶಿಕ್ಷೆ ವಿಧಿಸಬಲ್ಲುದು. ಆದರೆ ತನಗಾದದ್ದು ಅನ್ಯಾಯವೆಂದು ಗುರುತಿಸಲು ಮಗುವಿಗೆ ಶಬ್ದಗಳು ಬೇಕು, ಅದನ್ನು ನಂಬಿ ಕೇಳುವ ಒಬ್ಬ ಹಿರಿಯರು ಬೇಕು. ದೇಹದ ಭಾಗಗಳ ಹೆಸರು ಹೇಳಲೂ ನಾಚುವ ಶಾಲೆಯಲ್ಲಿ ಮಗು ದೂರನ್ನು ಯಾವ ಭಾಷೆಯಲ್ಲಿ ಹೇಳೀತು?

2020ರಲ್ಲಿ ಆಯುಷ್ಮಾನ್ ಭಾರತದ ಅಡಿಯಲ್ಲಿ ಶಾಲಾ ಆರೋಗ್ಯ ಕಾರ್ಯಕ್ರಮ ಹೊಸ ರೂಪದಲ್ಲಿ ಆರಂಭವಾಗಿದೆ. ಭಾವನಾತ್ಮಕ ಆರೋಗ್ಯ, ಲಿಂಗಸಮಾನತೆ, ವ್ಯಸನಮುಕ್ತಿ, ಅಂತರ್ಜಾಲದ ಸುರಕ್ಷಿತ ಬಳಕೆ ಸೇರಿ ಅದರಲ್ಲಿ ಹನ್ನೊಂದು ವಿಷಯಗಳಿವೆ. ಪ್ರತಿ ಶಾಲೆಯಿಂದ ಇಬ್ಬರು ಅಧ್ಯಾಪಕರು, ಸಾಧ್ಯವಾದಲ್ಲಿ ಒಬ್ಬ ಗಂಡಸು ಒಬ್ಬ ಹೆಂಗಸು, ತರಬೇತಿ ಪಡೆದು ವಾರಕ್ಕೊಂದು ಗಂಟೆ ನಡೆಸಬೇಕೆಂಬುದು ಏರ್ಪಾಡು. ಒಳ್ಳೆಯ ಏರ್ಪಾಡೇ. ಆದರೆ ಚರಿತ್ರೆ ಒಂದು ಎಚ್ಚರಿಕೆಯನ್ನು ಕೊಡುತ್ತದೆ. ಕಾಲರಾ ಪ್ಲೇಗುಗಳ ಅಂಜಿಕೆ ಶುಚಿತ್ವದ ಪಾಠ ಬರೆಯಿತು. ಶೀಲದ ಅಂಜಿಕೆ ನೀತಿಪಾಠ ಬರೆಯಿತು. ಜನಸಂಖ್ಯೆಯ ಅಂಜಿಕೆ ನಕ್ಷೆ ಬರೆಯಿತು. ಏಡ್ಸಿನ ಅಂಜಿಕೆ ಕೈಪಿಡಿ ಬರೆಯಿತು. ಇಂದು ಮಾದಕವಸ್ತುವಿನ, ಮೊಬೈಲಿನ ಅಂಜಿಕೆ ಹೊಸ ಪಾಠಗಳನ್ನು ಬರೆಯುತ್ತಿದೆ. ಅಂಜಿಕೆಗೆ ಆಯುಷ್ಯ ಕಡಿಮೆ. ಅದು ಇಳಿದೊಡನೆ ಪಾಠವೂ ಕಪಾಟು ಸೇರುತ್ತದೆ, ಇಲ್ಲವೇ ಅದಕ್ಕಿಂತ ದೊಡ್ಡ ಅಂಜಿಕೆಯೊಂದು ಎದ್ದು ಅದನ್ನು ತಡೆಹಿಡಿಯುತ್ತದೆ.

ಹರೆಯದವರ ಪ್ರಶ್ನೆಗಳಾದರೋ ಹಾಗಲ್ಲ. ಅಧ್ಯಾಪನದ ಕೊನೆಯ ವರ್ಷಗಳಲ್ಲಿ ನಾನು ತರಗತಿಯ ಮೂಲೆಯಲ್ಲೊಂದು ಮುಚ್ಚಿದ ರಟ್ಟಿನ ಪೆಟ್ಟಿಗೆಯನ್ನಿಟ್ಟು, ಹೆಸರಿಲ್ಲದೆ ಪ್ರಶ್ನೆ ಬರೆದು ಹಾಕಲು ಮಕ್ಕಳಿಗೆ ಹೇಳಿದ್ದೆ. ರೋಗದ ಪ್ರಶ್ನೆಗಳು ಬೆರಳೆಣಿಕೆಯಷ್ಟು. ಅಪ್ಪ ಕುಡಿದು ಬಂದಾಗ ಏನು ಮಾಡಬೇಕು, ಗೆಳತಿ ಮಾತು ಬಿಟ್ಟರೆ ನಿದ್ದೆ ಏಕೆ ಬರುವುದಿಲ್ಲ, ಇನ್ನೂ ಮೀಸೆ ಬಾರದಿರುವುದು ದೋಷವೇ, ಮುಟ್ಟಿನ ನೋವಿಗೆ ಶಾಲೆಯಲ್ಲಿ ಯಾರನ್ನು ಕೇಳಬೇಕು, ನಪಾಸಾದವರು ಮನೆಗೆ ಹೇಗೆ ಹೋಗಬೇಕು — ಬಹುಪಾಲು ಇಂಥವೇ. ಶಾರದಾ ಶಾಸನದ ಕಾಲದ ಹುಡುಗಿಯೂ, ರಂಗರಾಯರ ಶಾಲೆಯ ಹುಡುಗನೂ ಪೆಟ್ಟಿಗೆಯೊಂದು ಸಿಕ್ಕಿದ್ದರೆ ಇವನ್ನೇ ಹೆಚ್ಚು ಕಡಿಮೆ ಬರೆಯುತ್ತಿದ್ದರೆಂದು ನನಗೆ ತೋರುತ್ತದೆ. ಎಲ್ಲಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಕೆಲವನ್ನು ವೈದ್ಯರ ಬಳಿಗೆ, ಕೆಲವನ್ನು ಸಮಾಜಕಾರ್ಯದವರ ಬಳಿಗೆ ಒಯ್ದೆ. ಕೆಲವಕ್ಕೆ ತರಗತಿಯ ಮಕ್ಕಳೇ ನನಗಿಂತ ಒಳ್ಳೆಯ ಉತ್ತರ ಹೇಳಿದರು.

ಆದ್ದರಿಂದ ನನ್ನ ಅರಿಕೆ ಇಷ್ಟು. ಹೊಸ ಪಠ್ಯಕ್ರಮಕ್ಕೆ ಕೈಹಾಕುವವರು ಹಿರಿಯರ ಆತಂಕಗಳ ಪಟ್ಟಿಯನ್ನು ಬದಿಗಿಟ್ಟು ಮಕ್ಕಳ ಚೀಟಿಗಳನ್ನು ಮೊದಲು ಓದಲಿ. ಅಧ್ಯಾಪಕರಿಗೆ ಕೈಪಿಡಿ ಕೊಡುವ ಮುನ್ನ ಅವರ ಸಂಕೋಚವನ್ನು ಕಳೆಯುವ ತರಬೇತಿ ಕೊಡಲಿ. ತಾಯಿತಂದೆಯರನ್ನು ವರ್ಷಕ್ಕೆರಡು ಬಾರಿಯಾದರೂ ಅದೇ ತರಗತಿಯ ಬೆಂಚಿನ ಮೇಲೆ ಕೂರಿಸಿ, ಮಕ್ಕಳಿಗೆ ಹೇಳುತ್ತಿರುವುದೇನೆಂದು ತಿಳಿಸಲಿ. ಆಗ 2007ರಂಥ ತಡೆ ಅಷ್ಟು ಸುಲಭವಾಗಲಾರದು, ಕಲಿತ ಪಾಠ ಮನೆಯ ಬಾಗಿಲಲ್ಲಿ ನಿಲ್ಲಲಾರದು. ಕೊನೆಯದಾಗಿ, ವಾರದ ಆ ಒಂದು ಗಂಟೆಯನ್ನು, ಮಾರ್ಚ್ ತಿಂಗಳು ಬಂದರೂ, ಯಾವ ಗಣಿತಕ್ಕೂ ಬಿಟ್ಟುಕೊಡದಿರಲಿ. ಪರೀಕ್ಷೆಯ ಮುಂದೆ ನಿಂತು ನಡುಗುವ ಮಗುವಿಗೆ ಅದು ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವುದು ಆ ತಿಂಗಳಲ್ಲೇ.